ಕಲ್ಲಿನ ಮೇಲ್ಗಾಲುವೆಯೂ ಅದರ ಹಿಂದುಮುಂದಿನ ಮಣ್ಣುಗಾಲುವೆಯೂ

(ಯಲಹಂಕ ಮತ್ತು ಹೆಸರಘಟ್ಟ ಹೋಬಳಿಗಳ ಹಿಡುವಳಿದಾರರ ಹಾಗೂ ಗ್ರಾಮ ಮುಖಂಡರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ಬೀಜ, ಗೊಬ್ಬರ, ದನಕರುಗಳ ರೋಗ ಮುಂತಾದವುಗಳನ್ನು ಕುರಿತು ತಮ್ಮೊಡನೆ ಹಲವು ಸಲ ಮಾತನಾಡಿರುವೆನು. ಈ ದಿನ ಕೊಂಚ ಬೇರೆಯಾದ ವಿಷಯವೊಂದನ್ನು ತೆಗೆದುಕೊಳ್ಳಲು ಅಪ್ಪಣೆಯನ್ನು ಬೇಡುತ್ತೇನೆ. ನದಿಯ ಒಂದು ದಡದಲ್ಲಿ ಬರುವ ನಾಲೆಯ ನೀರನ್ನು ಆ ನದಿಯ ಮೇಲೆಯೇ ದಾಟಿಸಿ ಆಚೆಯ ದಡದ ಭೂಮಿಗೆ ಮುಟ್ಟಿಸುವ ಕಟ್ಟಡಕ್ಕೆ ಮೇಲ್ಗಾಲುವೆ ಎಂದು ಹೆಸರು. ಸೇತುವೆಯ ಮೇಲೆ ಗಾಡಿ ಹೋಗುವಂತೆ ಇದರ ಮೇಲೆ ನೀರು ಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿ ಕಲ್ಲಿನಿಂದ ಕಟ್ಟಿದ ಇಂಥದೊಂದು ಮೇಲ್ಗಾಲುವೆ ಮುನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಕೆಲಸಮಾಡುತ್ತ ಬಂದಿದೆ. ನಮ್ಮ ಹೆಸರಘಟ್ಟದ ಹತ್ತಿರ ಇಟ್ಟಿಗೆಯಿಂದ ಕಟ್ಟಿದ ಇನ್ನೊಂದು, ನೂರು ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಯಿತು. ಕಟ್ಟಡದ ದೃಷ್ಟಿಯಿಂದ ನೋಡಿದರೆ ಎರಡನೆಯದರಲ್ಲಿ ಹೇಳಿಕೊಳ್ಳುವಂಥ ಊನವೇನೂ ಇರಲಿಲ್ಲ. ಹಾಗಾದರೆ ಒಂದು ಉಳಿದದ್ದು ಹೇಗೆ, ಇನ್ನೊಂದು ಒಣಗಿದ್ದೇಕೆ ಎಂಬುದನ್ನು ವಿಚಾರಮಾಡೋಣ. ಇದರಲ್ಲಿ ನಮ್ಮ ನಿಮ್ಮ ಬಾವಿಗಳ ಪ್ರಶ್ನೆಯೂ ಅಡಗಿದೆಯೆಂಬುದನ್ನು ಮುಂದೆ ಅರಿಕೆಮಾಡುತ್ತೇನೆ.

ಮೊದಲು ಶ್ರೀರಂಗಪಟ್ಟಣದ ಸಂಗತಿ. 1610ರಲ್ಲಿ ರಾಜ ಒಡೆಯರು ಆ ಊರನ್ನು ವಶಪಡಿಸಿಕೊಂಡ ಮೇಲೆ ಅದು ಮೈಸೂರು ಅರಸರ ರಾಜಧಾನಿಯಾಯಿತು. ಸುತ್ತಲೂ ಕಾವೇರಿ, ನಡುವೆ ದ್ವೀಪ. ಇಂಥ ಊರಿಗೆ ನೀರಿನ ಕೊರತೆಯೆಂದರೆ ನಗುವವರುಂಟು. ಆದರೆ ನದಿಯ ಪಾತ್ರವು ಕೆಳಗೆ, ಕೋಟೆಯೂ ತೋಟಗಳೂ ಮೇಲೆ. ಕಣ್ಣೆದುರಿಗೆ ಹರಿಯುವ ನೀರನ್ನು ಏತದಿಂದಲೋ ಕಪಿಲೆಯಿಂದಲೋ ಎತ್ತಬೇಕೇ ಹೊರತು ಅದು ತಾನಾಗಿ ಗದ್ದೆಗೆ ಏರಿ ಬರಲಾರದು. ಎತ್ತಿನ ಬಲದಿಂದ ಒಂದು ತೋಟವನ್ನು ಕಾಪಾಡಬಹುದು, ಒಂದು ಬಯಲನ್ನು ಕಾಪಾಡಲಾಗದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಈ ತೊಡಕನ್ನು ಬಿಡಿಸಿದರು. ಅವರು ಕಾವೇರಿಗೆ ಮೇಲುಗಡೆಯಲ್ಲಿ ಕಟ್ಟೆ ಹಾಕಿಸಿ, ಅಲ್ಲಿಂದ ನಾಲೆಯನ್ನು ತೆಗೆಸಿ, ಪಶ್ಚಿಮವಾಹಿನಿಯ ಕಡೆಯಲ್ಲಿ ನದಿಯ ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆಯನ್ನು ಕಟ್ಟಿಸಿ ನೀರನ್ನು ದ್ವೀಪಕ್ಕೆ ದಾಟಿಸಿದರು. ಇದೇ ಬಂಗಾರದೊಡ್ಡಿ ನಾಲೆ. ಅರಸರ ಪ್ರೀತಿಗೆ ಪಾತ್ರಳಾದ ಒಬ್ಬಳ ಹೆಸರನ್ನು ನಾಲೆಗೆ ಇಟ್ಟರೆಂದು ಜನರು ಹೇಳುವರು. ಹೆಸರಿನ ಕಥೆ ಹೇಗೇ ಇರಲಿ, ನಮಗೆ ಬೇಕಾದದ್ದು ಅದರ ಲೆಕ್ಕಾಚಾರ.

ಯಂತ್ರವಿಲ್ಲದೆ ನೀರು ಮೇಲಕ್ಕೆ ಬಂದದ್ದು ಹೇಗೆ? ತಮ್ಮಲ್ಲಿ ಅನೇಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದು. ನೀರು ಮೇಲಕ್ಕೆ ಬರಲೇ ಇಲ್ಲ, ಅದು ಕೆಳಕ್ಕೇ ಇಳಿಯುತ್ತ ಬಂದಿತು. ಆದರೆ ನದಿಗಿಂತ ನಿಧಾನವಾಗಿ ಇಳಿಯಿತು. ಲೆಕ್ಕಕ್ಕೆಂದು ಹೇಳುವುದಾದರೆ, ಒಂದು ನದಿಯ ಪಾತ್ರವು ಮೈಲಿಗೆ 5 ಅಡಿಯಂತೆ ತಗ್ಗುತ್ತದೆಂದು ಇಟ್ಟುಕೊಳ್ಳಿ. ಅದರ ದಡದಲ್ಲಿ ಹಿಡಿದ ಕಾಲುವೆಯನ್ನು ಮೈಲಿಗೆ 1 ಅಡಿ ಮಾತ್ರ ತಗ್ಗುವಂತೆ ಅಗೆಯಿರಿ. ಮೂರು ಮೈಲಿ ಕಳೆಯುವ ಹೊತ್ತಿಗೆ ನದಿಯು 15 ಅಡಿ ಇಳಿದಿರುವುದು, ಕಾಲುವೆಯು 3 ಅಡಿ ಇಳಿದಿರುವುದು. ಹೀಗೆ ಕಾಲುವೆಯ ನೀರು ನದಿಗಿಂತ 12 ಅಡಿ ಎತ್ತರದಲ್ಲಿ ನಿಂತಂತಾಯಿತು. ಆ ಎತ್ತರವು ಕೈಗೆ ಸಿಕ್ಕ ಜಾಗದಲ್ಲಿ ಕಲ್ಲಿನ ಆಧಾರಗಳನ್ನು ಎಬ್ಬಿಸಿ, ಮೇಲೆ ದೋಣಿಯನ್ನಿಟ್ಟು ನೀರನ್ನು ಆಚೆಗೆ ದಾಟಿಸುವುದೇ ಮೇಲ್ಗಾಲುವೆಯ ಗುಟ್ಟು. ಇಳುಕಲು ಹೆಚ್ಚಾದರೆ ಮಣ್ಣಿನ ಕಾಲುವೆ ಕೊರೆದುಹೋಗುವುದು, ಕಡಿಮೆಯಾದರೆ ಹೂಳು ನಿಲ್ಲುವುದು. ದುರ್ಬೀನುಗಳಿಲ್ಲದ ಕಾಲದಲ್ಲಿ ಈ ಹದವನ್ನು ಮೈಲಿಗಟ್ಟಲೆ ಕಾಯ್ದುಕೊಂಡು ಬಂದವರ ಹೆಸರುಗಳು ನಮಗೆ ತಿಳಿಯವು. ಅವರು ಕಾಲುವೆಗೆ ನೀರು ಬಿಟ್ಟುಕೊಂಡೇ ಅಗೆಯುತ್ತ ಹೋದರೆಂದು ನನ್ನ ಊಹೆ. ನೀರಿಗಿಂತ ಸರಿಯಾದ ಮಟ್ಟಗೋಲು ಇನ್ನಾವುದಿದೆ?

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನೋಡಲು ಹೋದವರೆಲ್ಲರೂ ಮೇಲ್ಗಾಲುವೆಯನ್ನೇ ಹೊಗಳಿ ಬರುತ್ತಾರೆ, ಏಕೆಂದರೆ ಅದು ಕಲ್ಲು, ಅದು ಎತ್ತರ. ಆದರೆ ಇಡೀ ನಾಲೆಯಲ್ಲಿ ಕಲ್ಲಿನ ಭಾಗವು ಒಂದು ಗೇಣಿನಷ್ಟು. ಅದರ ಹಿಂದೆ ಮಣ್ಣಿನ ನಾಲೆ, ಮುಂದೆ ಮಣ್ಣಿನ ಕವಲುಗಳು. ಹಿಂದಿನ ಮಣ್ಣುಗಾಲುವೆ ಒಂದು ಕಡೆ ಒಡೆದರೆ ಕಲ್ಲುದೋಣಿಗೆ ನೀರೇ ಇಲ್ಲ. ಮುಂದಿನ ಕವಲು ಹೂತುಕೊಂಡರೆ ದೋಣಿಯ ನೀರು ತುಂಬಿ ಉಕ್ಕಿ ನದಿಗೇ ಬೀಳುವುದು. 1799ರಲ್ಲಿ ಕೋಟೆ ಬಿದ್ದಿತು. ರಾಜಧಾನಿಯು ಮೈಸೂರಿಗೆ ಹೋಯಿತು. ಜ್ವರದ ಬಾಧೆಯಿಂದಲೂ ವ್ಯಾಪಾರವಿಲ್ಲದ್ದರಿಂದಲೂ ಊರಿನ ಜನಸಂಖ್ಯೆ ಕುಗ್ಗಿತು. ಅರಮನೆಯೇ ಇಲ್ಲದ ಮೇಲೆ ಅರಮನೆಗೆಂದು ತಂದ ನೀರೂ ನಿಲ್ಲಬೇಕಾಗಿತ್ತಲ್ಲವೇ? ನಿಲ್ಲಲಿಲ್ಲ. ಗಂಜಾಮಿನ ಕಡೆಯ ಗದ್ದೆ ತೋಟಗಳವರಿಗೆ ಆ ನೀರು ಬೇಕಾಗಿತ್ತು. ಬೇಕಾದವರು ನಾಲೆಯನ್ನು ಕೆಡಲು ಬಿಡುವುದಿಲ್ಲ. 1911ರಲ್ಲಿ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರವು ಮೇಲೆ ಎದ್ದಮೇಲೂ, ಕೆಳಗಿನ ಹಳೆಯ ನಾಲೆಗಳಾದ ಚಿಕ್ಕದೇವರಾಯಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಮುಂತಾದವು ರದ್ದಾಗದೆ, ಆ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಪಡೆದು ನಡೆಯುತ್ತ ಬಂದವು.

ಹಂಪೆಯಲ್ಲಿ ಇದೇ ನೀತಿಯು ಇನ್ನೂ ಸ್ಪಷ್ಟವಾಗಿ ಕಾಣುವುದು. ಅಲ್ಲಿಯ ಅರಮನೆಯ ಆವರಣದಲ್ಲಿ ಕಲ್ಲುಕಂಭಗಳ ಮೇಲೆ ಕಡೆದ ಕಲ್ಲುದೋಣಿಗಳನ್ನು ಒಂದಕ್ಕೊಂದು ಜೋಡಿಸಿ ಕೊಳಗಳಿಗೂ ಸ್ನಾನಗೃಹಗಳಿಗೂ ನೀರು ಸಾಗಿಸುತ್ತಿದ್ದರು. 1980ರ ದಶಕದ ಅಗೆತದಲ್ಲಿ ಮಣ್ಣಿನಡಿಯಿಂದ ಹೊರಬಂದ ಮೆಟ್ಟಿಲುಕೊಳಕ್ಕೆ ಕೂಡ ಇಂಥ ದೋಣಿಯೇ ನೀರಿನ ದಾರಿ. ಕೆಲಸ ಎಷ್ಟು ನಯವಾಗಿದೆಯೆಂದರೆ ಈಗಲೂ ನೀರು ಬಿಟ್ಟರೆ ಹರಿದೀತು ಎನಿಸುವುದು. ಆದರೆ 1565ರಲ್ಲಿ ನಗರ ಹಾಳಾದ ಮೇಲೆ ಆ ದೋಣಿಯ ಬಾಯಿಗೆ ನೀರು ತರುವ ಕಾಲುವೆಯನ್ನು ಕೇಳುವವರಿಲ್ಲವಾಯಿತು. ಅಲ್ಲಿಂದ ಕೂಗಳತೆಯ ದೂರದಲ್ಲಿ, ದೇವಸ್ಥಾನಗಳಿಗೂ ಅರಮನೆಗೂ ನಡುವಣ ಕಣಿವೆಯಲ್ಲಿ, ಅದೇ ಅರಸರ ಕಾಲದ ತುರ್ತು ಕಾಲುವೆಯು ಇಂದಿಗೂ ಬಾಳೆ, ಕಬ್ಬು, ಬತ್ತಗಳಿಗೆ ನೀರುಣಿಸುತ್ತದೆ. ಅರಸರು ಹೋದರೂ ರೈತರು ಅಲ್ಲಿಯೇ ಇದ್ದರು. ಕಲ್ಲು ಉಳಿದು ನೀರು ಹೋಯಿತು ಒಂದು ಕಡೆ. ಬರಿಯ ಮಣ್ಣಿನ ಕಾಲುವೆ ನೀರುಸಹಿತ ಉಳಿಯಿತು ಇನ್ನೊಂದು ಕಡೆ.

ಈಗ ನಮ್ಮ ಹೋಬಳಿಗೆ ಬರೋಣ. ಬೆಂಗಳೂರು ಪಟ್ಟಣವು ಮೊದಲು ತನ್ನ ಕೆರೆಕುಂಟೆಗಳನ್ನೇ ನಂಬಿದ್ದಿತು. ಅವು ಸಾಲದೆ ಬಂದಾಗ, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕುವ ಏರ್ಪಾಡಾಯಿತು. 1896ರ ಹೊತ್ತಿಗೆ ಪಟ್ಟಣಕ್ಕೆ ನೀರು ಹರಿಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದಕ್ಕೆ ಹೆಸರು. ಕೆರೆಯಿಂದ ತರಬನಹಳ್ಳಿಯ ಕಡೆಗೆ ಇಟ್ಟಿಗೆಯ ಕಾಲುವೆಯಲ್ಲಿ, ಬರಿಯ ಇಳುಕಲಿನಿಂದಲೇ, ನೀರು ಬರುತ್ತಿತ್ತು. ಅಲ್ಲಿಂದ ಸೋಲದೇವನಹಳ್ಳಿಯ ಪಂಪುಮನೆಗೆ ಹೋಗಿ, ಉಗಿಯಂತ್ರದಿಂದ ದಿಣ್ಣೆಯ ಮೇಲಕ್ಕೆ ಏರಿ, ಮಲ್ಲೇಶ್ವರದ ಶೋಧಕ ಮನೆಯನ್ನು ಮುಟ್ಟುತ್ತಿತ್ತು. ತಗ್ಗು ಬಂದ ಕಡೆ ಕಮಾನುಗಳ ಮೇಲೆ ಕಾಲುವೆಯನ್ನು ನಡೆಸಿರುವುದನ್ನು ತಾವು ಹೊಲಗದ್ದೆಗಳ ನಡುವೆ ನೋಡಿಯೇ ಇರುವಿರಿ. ದನಗಳನ್ನು ಅದರ ನೆರಳಿನಲ್ಲಿ ನಿಲ್ಲಿಸಿರುವವರೂ ಈ ಸಭೆಯಲ್ಲಿರಬಹುದು.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟವೂ ಸಾಲದಾಯಿತು. 1933ರಲ್ಲಿ ಅರ್ಕಾವತಿಗೆ ಕುಮುದ್ವತಿಯು ಕೂಡುವೆಡೆಯಾದ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರವಾಯಿತು. 1974ರಲ್ಲಿ ಕಾವೇರಿಯ ನೀರೇ ಕೊಳವೆಗಳಲ್ಲಿ ಬೆಂಗಳೂರಿಗೆ ಬಂದಿತು. ಆಮೇಲೆ ಹೆಸರಘಟ್ಟದ ನೀರನ್ನು ಪಟ್ಟಣವು ಮರೆಯಿತು, ಕೆರೆಯೂ ವರ್ಷವರ್ಷಕ್ಕೆ ಬತ್ತುತ್ತ ಬಂದಿತು. ಹಲವು ವರ್ಷಗಳ ಕಾಲ ಅದರ ಒಡಲು ಹುಲ್ಲುಗಾವಲಾಗಿಯೇ ಇದ್ದಿತು.

ಮಳೆಯೇ ಕಡಿಮೆಯಾಯಿತೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ನಾನು ಒಪ್ಪಲಾರೆ. 2022ರಲ್ಲಿ ಜೋರಾಗಿ ಮಳೆ ಬಂದಾಗ ಇದೇ ಕೆರೆಗೆ ನೀರು ಬಂದು ನಿಂತಿತು. ಕಟ್ಟೆ ಗಟ್ಟಿಯಾಗಿಯೇ ಇದ್ದಿತು. ಆಗ ಬಂದದ್ದು ಅತಿವೃಷ್ಟಿಯ ನೀರು, ದಾರಿ ಕೆಟ್ಟಿದ್ದರೂ ಅದು ನುಗ್ಗಿಕೊಂಡು ಬರಬಲ್ಲುದು. ಸಾಧಾರಣ ಮಳೆಯ ವರ್ಷದಲ್ಲಿ ಬರುವ ಮೆಲ್ಲನೆಯ ನೀರಿಗೆ ಮಾತ್ರ ತೆರೆದ ದಾರಿ ಬೇಕು. ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳನ್ನು ಒಂದೊಂದಾಗಿ ತುಂಬುತ್ತ ಬರತಕ್ಕ ನದಿ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಬಾಯಿ. ಆ ಕೋಡಿಗಾಲುವೆಗಳನ್ನು ಅಂಗುಲ ಅಂಗುಲವಾಗಿ ಉತ್ತು ಹೊಲಕ್ಕೆ ಸೇರಿಸಿಕೊಂಡವರು ಕೆಲವರು, ಮನೆ ನಿವೇಶನಕ್ಕೆ ಮುಚ್ಚಿದವರು ಕೆಲವರು. ಆರು ಗಜದ ಕಾಲುವೆಗೆ ಒಂದು ಮೊಳದ ಕೊಳವೆ ಹಾಕಿ ಮೇಲೆ ರಸ್ತೆ ಮಾಡಿದವರೂ ಉಂಟು. ಹೊಳೆಯ ಮರಳನ್ನು ತೆಗೆದರು. ಕೊಳವೆ ಬಾವಿಗಳು ಆಳ ಆಳಕ್ಕೆ ಇಳಿದು, ಹಳ್ಳಕ್ಕೆ ಬೇಸಿಗೆಯಲ್ಲಿ ಜಿನುಗುತ್ತಿದ್ದ ನೆಲದ ನೀರನ್ನು ಹೀರಿಕೊಂಡವು. ಕೂಲಿಯ ತೊಂದರೆಯಿಲ್ಲವೆಂದು ಹೊಲಗಳಲ್ಲಿ ನೀಲಗಿರಿ ತೋಪು ಹಾಕಿದರು. ಅದನ್ನು ಹೊಸದಾಗಿ ನೆಡಕೂಡದೆಂದು ಸರ್ಕಾರವು 2017ರಲ್ಲಿ ನಿಷೇಧಿಸಿತಾದರೂ, ಆ ವೇಳೆಗೆ ಬಹಳ ಭೂಮಿ ಅದರ ಕೈಗೆ ಹೋಗಿದ್ದಿತು.

ತಾವು ನನ್ನನ್ನು ಒಂದು ಮಾತು ಕೇಳಬಹುದು. “ಸ್ವಾಮಿ, ಹೆಸರಘಟ್ಟದ ನೀರು ನಮ್ಮ ಹೊಲದ ಪಕ್ಕದಲ್ಲೇ ಹಾದು ಪಟ್ಟಣಕ್ಕೆ ಹೋಯಿತು. ನಮಗೆ ಒಂದು ಕೊಡವೂ ಇರಲಿಲ್ಲ. ಅದರ ಕಾಲುವೆಯನ್ನು ನಾವೇಕೆ ಕಾಯಬೇಕಾಗಿತ್ತು?” ಇದು ನ್ಯಾಯವಾದ ಪ್ರಶ್ನೆ. ಬಂಗಾರದೊಡ್ಡಿಗೂ ಹೆಸರಘಟ್ಟಕ್ಕೂ ಇರುವ ದೊಡ್ಡ ವ್ಯತ್ಯಾಸವು ಇದೇ ಎಂದು ನಾನೂ ಭಾವಿಸುತ್ತೇನೆ. ಅಲ್ಲಿ ನಾಲೆಯ ನೀರನ್ನು ಉಂಡವರು ನಾಲೆಯ ದಡದಲ್ಲೇ ಇದ್ದರು. ಇಲ್ಲಿ ಉಂಡವರು ಮಲ್ಲೇಶ್ವರದಲ್ಲಿದ್ದರು, ಕಾಲುವೆಯ ದಡದಲ್ಲಿದ್ದವರು ಬರಿಯ ನೋಟಕರು. ಪಟ್ಟಣಕ್ಕೆ ಬೇರೆ ನೀರು ಸಿಕ್ಕಿದ ದಿನವೇ ಈ ಕಾಲುವೆಗೆ ಯಜಮಾನರಿಲ್ಲವಾಯಿತು. ಯಾರ ಹೊಲಕ್ಕೆ ನೀರಿಲ್ಲವೋ ಅವರಿಂದ ಕಾಲುವೆಯ ಕಾವಲನ್ನು ನಿರೀಕ್ಷಿಸುವ ಏರ್ಪಾಡು ಬಹುಕಾಲ ನಡೆಯುವುದಿಲ್ಲ.

ಆದರೆ ಉತ್ತರ ಅಷ್ಟಕ್ಕೇ ಮುಗಿಯಲಿಲ್ಲ. ಕೆರೆಯಲ್ಲಿ ನೀರು ನಿಂತ ವರ್ಷ ಅದರ ಕೆಳಗಿನ ಬಾವಿಗಳ ನೀರಿನ ಮಟ್ಟ ಎಷ್ಟಿತ್ತು, ಬತ್ತಿದ ವರ್ಷ ಎಷ್ಟಾಯಿತು ಎಂಬುದನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರು? ತೂಬಿನಿಂದ ಒಂದು ಹನಿಯೂ ಕೊಡದ ಕೆರೆ ಕೂಡ ನೆಲದೊಳಗಿನಿಂದ ತಮಗೆ ಪಾಲು ಕೊಡುತ್ತಲೇ ಇರುತ್ತದೆ. ದ್ರಾಕ್ಷಿ, ಹೂವು, ಸೊಪ್ಪುತರಕಾರಿಗಳನ್ನು ಬೆಳೆದು ಪಟ್ಟಣಕ್ಕೆ ಸಾಗಿಸುವ ನಮ್ಮ ಹೋಬಳಿಗಳ ಬಾಗಾಯ್ತೆಲ್ಲವೂ ಈ ಕಾಣದ ಪಾಲಿನ ಮೇಲೆ ನಿಂತಿದೆ. ಹೆಬ್ಬಾಳ ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರನ್ನು ಯಂತ್ರಗಳಿಂದ ಎತ್ತಿ ದೇವನಹಳ್ಳಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುವ ಏರ್ಪಾಡನ್ನೂ ತಾವು ಕಂಡಿದ್ದೀರಿ. ಅಲ್ಲಿಯೂ ಕೊಳವೆಯು ಎಲ್ಲ ಕೆರೆಗಳನ್ನೂ ಮುಟ್ಟುವುದಿಲ್ಲ. ಕೊಳವೆ ಮುಟ್ಟದ ಕೆರೆಗಳಿಗೆ ನೀರು ಕೋಡಿ ಬಿದ್ದು ಹಳೆಯ ಕಾಲುವೆಯಲ್ಲಿಯೇ ಹೋಗಬೇಕು. ಕೋಟಿಗಟ್ಟಲೆ ರೂಪಾಯಿ ಹಾಕಿ ತಂದ ನೀರು ಒಂದು ಮುಚ್ಚಿದ ಮೋರಿಯ ಹತ್ತಿರ ನಿಂತುಬಿಡಬಹುದು.

ಇನ್ನು ಕಲ್ಲು ಇಟ್ಟಿಗೆಗಳ ಕಟ್ಟಡವನ್ನು ಕಾಪಾಡುವ ಬಗೆ. ತಮ್ಮ ಊರುಗಳಲ್ಲಿ ಬಂಗಾರದೊಡ್ಡಿಯಂಥ ಮೇಲ್ಗಾಲುವೆ ಇಲ್ಲದಿದ್ದರೂ, ಕೆರೆಯ ತೂಬು, ಕೋಡಿಯ ಕಲ್ಲುಗಟ್ಟಡ, ಹಳ್ಳ ದಾಟುವ ಕಲ್ಲುದೋಣಿ ಇವು ಇದ್ದೇ ಇರುವುವು. ಎಲ್ಲಕ್ಕೂ ರೋಗ ಒಂದೇ, ಮದ್ದೂ ಒಂದೇ.

ಕಟ್ಟಡವು ಕೆಡಲು ಆರಂಭಿಸುವುದು ಕಲ್ಲಿನ ನಡುವೆಯಲ್ಲ, ಮಣ್ಣು ಕಲ್ಲು ಕೂಡುವ ಸಂದಿನಲ್ಲಿ. ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುವುದು, ಕಲ್ಲು ಕುಗ್ಗುವುದಿಲ್ಲ. ಆದ್ದರಿಂದ ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬೀಳುವುದು. ಏಡಿಯೂ ಇಲಿಯೂ ಅದನ್ನು ಹುಡುಕಿಕೊಂಡು ಬರುವುವು. ಮೊದಲ ಮಳೆಯ ನೀರು ಆ ಬಿರುಕನ್ನು ಹಿಡಿದು ಕಲ್ಲಿನ ಮೈಯುದ್ದಕ್ಕೂ ಒಳಗೊಳಗೇ ಹರಿದು ಮಣ್ಣನ್ನು ಕೊಂಡೊಯ್ಯುವುದು. ಹೊರಗಿನಿಂದ ನೋಡುವವರಿಗೆ ಏನೂ ತಿಳಿಯದು. ಒಂದು ರಾತ್ರಿ ಏರಿಯೇ ಕುಸಿಯುವುದು. ಇದಕ್ಕೆ ಉಪಾಯವು ಬಹಳ ಸುಲಭ. ಮುಂಗಾರಿಗೆ ಮುಂಚೆ ಆ ಸಂದನ್ನು ಒಂದೆರಡು ಅಡಿ ಆಳಕ್ಕೆ ತೆರೆದು, ಕೆರೆಯ ಜೇಡಿಮಣ್ಣನ್ನು ನೀರು ಹಾಕಿ ತುಳಿದು ಹದಮಾಡಿ, ಗೇಣುಗೇಣು ದಪ್ಪದ ಪದರಗಳಾಗಿ ತುಂಬುತ್ತ ದಿಮ್ಮಸಿನಿಂದ ಬಡಿಯಬೇಕು. ಇಬ್ಬರು ಆಳು ಅರ್ಧ ದಿನದಲ್ಲಿ ಮಾಡಬಹುದಾದ ಕೆಲಸ.

ಆಲ, ಅರಳಿ, ಅತ್ತಿಯ ಸಸಿಗಳು ಎರಡನೆಯ ಶತ್ರು. ಹಕ್ಕಿಯು ಬೀಜವನ್ನು ಕಲ್ಲಿನ ಸಂದಿಯಲ್ಲಿ ಬಿತ್ತಿ ಹೋಗುವುದು. ಎರಡೆಲೆಯ ಸಸಿಯನ್ನು ಬೆರಳಿನಿಂದ ಕೀಳಬಹುದು. ಮೂರು ವರ್ಷ ಬಿಟ್ಟರೆ ಅದರ ಬೇರು ಕಲ್ಲನ್ನೇ ಎತ್ತಿಹಾಕುವುದು, ಆಗ ಎಳೆದು ಕಿತ್ತರೆ ಕಟ್ಟಡವೂ ಕೂಡಿ ಬರುವುದು. ಅಂಥದನ್ನು ಬುಡದಲ್ಲಿ ಕಡಿದು, ಚಿಗುರಿದಂತೆಲ್ಲ ಸವರುತ್ತ ಸಾಯಿಸಬೇಕು. ಅರಳಿಯನ್ನು ಕಡಿಯಲು ಮನಸ್ಸು ಬಾರದವರು ಎಳೆಯದಿರುವಾಗಲೇ ಕಿತ್ತು ಗುಂಡುತೋಪಿನಲ್ಲಿ ನೆಟ್ಟರೆ ದೋಷವೂ ಇಲ್ಲ, ನೆರಳೂ ಆಯಿತು.

ಹಳೆಯ ಗಾರೆ ಉದುರಿದ ಕಡೆ ಸಿಮೆಂಟನ್ನು ಮೆತ್ತುವ ಅಭ್ಯಾಸ ಈಚೆಗೆ ಬಹಳವಾಗಿದೆ. ಸುಣ್ಣದ ಗಾರೆಯು ಮೆದು, ಕಟ್ಟಡದ ಜೊತೆಯಲ್ಲಿ ಕೊಂಚ ಮಿಸುಕುತ್ತದೆ. ಸಿಮೆಂಟು ಬಿರುಸು, ಅದು ಸಿಡಿದು ಅದರ ಹಿಂದೆ ನೀರು ಸೇರಿಕೊಳ್ಳುವುದು. ಸುಣ್ಣ ಮರಳುಗಳಿಗೆ ಇಟ್ಟಿಗೆಯ ಪುಡಿಯನ್ನು ಸೇರಿಸಿ ಅರೆದ ಗಾರೆಯೇ ಹಳೆಯ ಕಟ್ಟಡಕ್ಕೆ ತಕ್ಕದ್ದು. ಸಂದುಗಳಿಗೆ ಮಾತ್ರ ತುಂಬಬೇಕು, ಕಲ್ಲಿನ ಮುಖಕ್ಕೆ ಬಳಿಯಬಾರದು. ದೋಣಿಯ ಅಂಚನ್ನು ಒಡೆದು ಕಳ್ಳಗಂಡಿ ಮಾಡಿ ನೀರು ಹಿಡಿಯುವವರ ವಿಷಯದಲ್ಲಿ ನಾನು ಹೆಚ್ಚಿಗೆ ಹೇಳುವುದಿಲ್ಲ. ಅವರು ಯಾರೆಂಬುದು ಆಯಾ ಊರಿನವರಿಗೆ ಗೊತ್ತು.

ಹಿಂದೆ ನೀರುಗಂಟಿಯೆಂಬುವನಿದ್ದನು. ಕೆರೆಯ ಕೆಳಗೆ ಅವನಿಗೆ ಇನಾಂ ಜಮೀನು ಇರುತ್ತಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲಿ ಕಾಲುವೆ ಸೋರುತ್ತಿದೆ ಎಂಬುದೆಲ್ಲ ಅವನ ಜವಾಬ್ದಾರಿ. ಮೈಸೂರು ಸರ್ಕಾರವು 1911ರಲ್ಲಿ ಕೆರೆ ಪಂಚಾಯಿತಿ ರೆಗ್ಯುಲೇಷನ್ನನ್ನು ತಂದು, ಕೆರೆಗಳ ಸಂರಕ್ಷಣೆಯಲ್ಲಿ ರೈತರಿಗೇ ಕೈಹಾಕಲು ಅವಕಾಶ ಕೊಟ್ಟಿತು. ಕಾಗದದ ಮೇಲೆ ಅದು ಒಳ್ಳೆಯ ಕಾನೂನು. ಆದರೆ ಕಾನೂನು ಕಾಲುವೆಯ ಮೇಲೆ ನಡೆದು ಹೋಗಿ ನೋಡಲಾರದು, ನೀರುಗಂಟಿ ನೋಡುತ್ತಿದ್ದನು. ಆ ಉದ್ಯೋಗವು ಹೋದಮೇಲೆ ನಮ್ಮ ಊರುಗಳಲ್ಲಿ ಕಾಲುವೆಯನ್ನು ತಲೆಯಿಂದ ಕೊನೆಯವರೆಗೆ ಕಾಲಿನಿಂದ ನಡೆದು ಬಲ್ಲವರು ವಿರಳವಾಗಿದ್ದಾರೆ. ಮುದುಕರಲ್ಲಿ ಕೆಲವರು ಮಾತ್ರ ಉಳಿದಿದ್ದಾರೆ. ಅವರನ್ನು ಈ ವರ್ಷವೇ ಕೇಳಿಕೊಳ್ಳಬೇಕು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಯುಗಾದಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ, ಪ್ರತಿಯೊಂದು ಊರಿನವರೂ ತಮ್ಮ ಕೆರೆಯ ಹರವುಗಾಲುವೆಯನ್ನು ಒಂದು ದಿನ ಕೂಡಿ ನಡೆಯಬೇಕು. ಗ್ರಾಮದ ನಕ್ಷೆಯ ಪ್ರತಿಯನ್ನು ತೆಗೆದುಕೊಂಡು ಬರಬೇಕು. ಕಾಲುವೆಯ ಗೆರೆಯು ಅದರಲ್ಲಿ ಸ್ಪಷ್ಟವಾಗಿರುತ್ತದೆ, ಪಹಣಿಯಲ್ಲಿ ಆ ಜಾಗವನ್ನು ಖರಾಬೆಂದು ಬರೆದಿರುತ್ತದೆ. ನಕ್ಷೆಯಲ್ಲಿರುವ ಅಗಲವೆಷ್ಟು, ನೆಲದ ಮೇಲೆ ಉಳಿದಿರುವ ಅಗಲವೆಷ್ಟು ಎಂಬುದನ್ನು ಹೊಲಹೊಲಕ್ಕೂ ಬರೆದುಕೊಳ್ಳಬೇಕು. ಒತ್ತಿಕೊಂಡವರೊಡನೆ ಅಲ್ಲಿಯೇ ಜಗಳ ಬೇಡ. ಬರೆದುಕೊಂಡದ್ದನ್ನು ಸಭೆಯಲ್ಲಿ ಓದಿದರೆ, ಅರ್ಧ ಜನರು ತಾವಾಗಿಯೇ ಬಿಡುವರೆಂಬುದು ನನ್ನ ಅನುಭವ. ಉಳಿದವರ ವಿಷಯವನ್ನು ತಹಶೀಲ್ದಾರರ ಕಚೇರಿಗೆ ಬರೆಯಬಹುದು. ಮುಖಂಡರಾದವರು ತಮ್ಮ ಸ್ವಂತ ಹೊಲದ ಮುಂದಿನ ಅಳತೆಯನ್ನು ಮೊದಲು ಹಿಡಿಸಬೇಕು.

ಮೇಲಿನ ಊರಿನವರು ನಡೆದ ದಿನ ಕೆಳಗಿನ ಊರಿನವರಲ್ಲಿ ಇಬ್ಬರಾದರೂ ಜೊತೆಗಿರುವುದು ಒಳ್ಳೆಯದು. ಒಬ್ಬರ ಕೋಡಿ ಇನ್ನೊಬ್ಬರ ಬಾಯಿಯಾದ್ದರಿಂದ ಎರಡು ಪುಸ್ತಕಗಳ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು. ದಿನವನ್ನು ತಾವೇ ಗೊತ್ತುಮಾಡಿ ಒಂದು ವಾರ ಮುಂಚಿತವಾಗಿ ತಿಳಿಸಿದರೆ, ಅಳತೆಯ ಸರಪಳಿಯನ್ನೂ ಮಟ್ಟಗೋಲನ್ನೂ ತೆಗೆದುಕೊಂಡು ನಾನೂ ಬರುವೆನು. ಗುದ್ದಲಿ, ಮಚ್ಚು, ಮಂಕರಿಗಳನ್ನು ತಾವು ತರಬೇಕು. ಬಿಸಿಲೇರುವುದರೊಳಗಾಗಿ ಹೊರಟರೆ ಒಂದು ಊರಿನ ಕಾಲುವೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಬಹುದು.